ಕಲ್ಯಾಣದ ಬಾಗಿಲಿಂದ ಬೆಂದಕಾಳೂರಿನ ಬೀದಿಗೆ

ಕೊಳ್ಳುವ ಹಸಿವಿನ ಬಗ್ಗೆ ಗಿರೀಶ ಕಾರ್ನಾಡರು ಬರೆದ ‘ಬೆಂದ ಕಾಳು ಆನ್ ಟೋಸ್ಟ್’ ನಾಟಕ ಬೆಂಗಳೂರಿನ ಕಥೆ. ಆದರೆ ಅದನ್ನು ಕೊಳ್ಳೇಗಾಲ, ಹನೂರು, ಯಳಂದೂರಿನ ನೆಲದಲ್ಲಿ ನಿಂತು ಓದಬೇಕು. ನಗರಕ್ಕೆ ಬೆಳಕು, ನೀರು, ರೇಷ್ಮೆ, ದುಡಿಯುವ ಕೈ ಎಲ್ಲ ಕಳಿಸಿಕೊಟ್ಟ ಸೀಮೆಯಿದು. ಆಸೆಯ ಬೆಲೆಯನ್ನು ಯಾರು ತೆರುತ್ತಾರೆ ಎಂದು ರಾತ್ರಿಯಿಡೀ ಹಾಡಿ ಕೇಳಿದ ಸೀಮೆಯೂ ಹೌದು.

ಬನದ ಹುಣ್ಣಿಮೆಯ ರಾತ್ರಿ. ಚಿಕ್ಕಲ್ಲೂರಿನ ಬಯಲಲ್ಲಿ ಚಂದ್ರಮಂಡಲ ಹೊತ್ತಿಕೊಳ್ಳುತ್ತದೆ. ಬಿದಿರಿಗೆ ಬಟ್ಟೆ ಸುತ್ತಿ ಕಟ್ಟಿದ ಆ ಆಕೃತಿ ಉರಿಯುವಾಗ ಸಾವಿರಾರು ಜನರ ಬಾಯಿಂದ ‘ಉಘೇ ಉಘೇ’ ಎಂಬ ಕೂಗು ಏಳುತ್ತದೆ. ಹಣ್ಣು, ದವನ ಗಾಳಿಯಲ್ಲಿ ಹಾರುತ್ತವೆ. ಜ್ವಾಲೆ ಎತ್ತ ಹೆಚ್ಚು ವಾಲಿತೋ ಅತ್ತಲ ಊರುಗಳಿಗೆ ಮಳೆಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ನಂಬಿಕೆ. ಹಾಗಾಗಿ ಎಲ್ಲರ ಕಣ್ಣೂ ಬೆಂಕಿಯ ತುದಿಯ ಮೇಲೆ.

ಬೆಂಕಿ ತಗ್ಗಿದ ಮೇಲೆ ಜನ ಅಂಗಡಿ ಸಾಲಿಗೆ ನುಗ್ಗುತ್ತಾರೆ. ಕಡ್ಲೆಪುರಿ, ಬತ್ತಾಸು, ಬಳೆ, ಟೇಪು, ಮಿಣಮಿಣ ದೀಪದ ಪ್ಲಾಸ್ಟಿಕ್ ಬಂದೂಕು, ಮೊಬೈಲ್ ಕವರು. ‘ಅವ್ವ, ನಂಗೂ ಅದ ಕೊಡ್ಸವ್ವ’ ಎಂದು ಸೆರಗು ಜಗ್ಗುವ ಮಗು, ಎಲೆಅಡಿಕೆ ಚೀಲ ಬಿಚ್ಚಿ ನಾಲ್ಕು ಮಡಿಕೆಯ ನೋಟನ್ನು ಬಿಡಿಸುವ ತಾಯಿ ಪ್ರತಿ ಅಂಗಡಿಯ ಮುಂದೂ ಇರುತ್ತಾರೆ. ಆ ಮಗುವಿನ ಆಸೆಯಲ್ಲಿ ತಪ್ಪೇನೂ ಇಲ್ಲ. ತಾಯಿಯ ಎಣಿಕೆಯಲ್ಲೂ ಇಲ್ಲ.

ಅಂಗಡಿಗಳ ಆಚೆ, ಬಿಡಾರವೊಂದರ ಮುಂದೆ ಮಂಟೇಸ್ವಾಮಿ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಹೆಗಲಿಗೇರಿಸಿದ್ದಾರೆ. ಹಿಮ್ಮೇಳದವರ ಕೈಯಲ್ಲಿ ದಮ್ಮಡಿ, ತಾಳ. ಹಾಡುತ್ತಿರುವುದು ಮಂಟೇಸ್ವಾಮಿ ಕಾವ್ಯದ ಕಲ್ಯಾಣಪಟ್ಟಣದ ಸಾಲು.

ಕಥೆ ಹೀಗೆ. ಕಲ್ಯಾಣದಲ್ಲಿ ಬಸವಣ್ಣನ ಮನೆಯಲ್ಲಿ ದಿನವೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ. ಊಟದ ಜೊತೆ ಕಾಣಿಕೆಯೂ ಉಂಟು. ಸುದ್ದಿ ಹಬ್ಬಿದ್ದೇ ತಡ, ನಿಜವಾದ ಜಂಗಮರ ನಡುವೆ ಊಟ-ಕಾಣಿಕೆಯ ಆಸೆಗೆ ವಿಭೂತಿ ಬಳಿದುಕೊಂಡವರೂ ಬಂದು ಕೂತರು. ವೇಷ ಹಾಕಿದರೆ ಸಾಕು, ಎಲೆ ಬೀಳುತ್ತದೆ. ಇದನ್ನು ಪರೀಕ್ಷಿಸಲು ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಯಾರೂ ಹತ್ತಿರ ಸೇರಿಸದ ರೂಪದಲ್ಲಿ ಬರುತ್ತಾರೆ. ಮೈಯಲ್ಲಿ ನಾತ, ಜೊತೆಗೆ ಸತ್ತ ಕರುವಿನ ಮಾಂಸ, ಹೆಂಡದ ಮಡಕೆ. ಬಾಗಿಲಲ್ಲಿದ್ದ ಕಾವಲಿನವನು ತಡೆಯುತ್ತಾನೆ. ಒಳಗೆ ಉಣ್ಣುತ್ತಿದ್ದವರು ಮೂಗು ಮುಚ್ಚಿಕೊಂಡು ಚದುರುತ್ತಾರೆ.

ಹಾಡುವವರು ಒಬ್ಬರೇ. ಕಾವಲಿನವನ ಗದರಿಕೆ ಅವರದೇ, ಬಸವಣ್ಣನ ತಳಮಳ ಅವರದೇ, ಅವನ ಮಡದಿ ನೀಲಮ್ಮನ ದನಿಯೂ ಅವರದೇ. ಪರದೆಯಿಲ್ಲ, ಬಣ್ಣವಿಲ್ಲ, ಟಿಕೆಟ್ ಇಲ್ಲ. ಆದರೂ ಇದು ನಾಟಕ. ತಿನ್ನುವವರ ಸಾಲಿನಲ್ಲಿ ಯಾರಿಗೆ ಜಾಗ, ಯಾರಿಗೆ ಬಾಗಿಲು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ನಾಟಕ ಕನ್ನಡದಲ್ಲಿ ಹೆಚ್ಚಿಲ್ಲ.

> ಜಾತ್ರೆಯ ಐದು ದಿನ
> ಚಿಕ್ಕಲ್ಲೂರಿನದು ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಗದ್ದುಗೆ. ಜನವರಿಯ ಬನದ ಹುಣ್ಣಿಮೆಗೆ ಶುರುವಾಗುವ ಜಾತ್ರೆ ಐದು ದಿನ ನಡೆಯುತ್ತದೆ: ಚಂದ್ರಮಂಡಲ, ದೊಡ್ಡವರ ಸೇವೆ, ಮುಡಿ ಸೇವೆ, ಪಂಕ್ತಿ ಸೇವೆ, ಮುತ್ತತ್ತಿರಾಯನ ಸೇವೆ. ಪಂಕ್ತಿ ಸೇವೆಯ ದಿನ ಬಿಡಾರದ ಮುಂದೆ ಒಲೆ ಹೂಡಿ ಅಡುಗೆ ಮಾಡಿ, ಜಾತಿ ಕೇಳದೆ ಜೊತೆಗೆ ಕೂತು ಉಣ್ಣುತ್ತಾರೆ. ಗುರು ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ.

ಬಯಲಿಂದ ರಂಗಮಂದಿರಕ್ಕೆ

ಈ ಸೀಮೆಯ ಎರಡೂ ಮಹಾಕಾವ್ಯಗಳನ್ನು ಆಧುನಿಕ ರಂಗಭೂಮಿ ಕೈಗೆತ್ತಿಕೊಂಡಿದೆ. ‘ಮಹಾಚೈತ್ರ’ದ ಲೇಖಕ ಎಚ್.ಎಸ್. ಶಿವಪ್ರಕಾಶ್ ‘ಮಂಟೇಸ್ವಾಮಿ ಕಥಾಪ್ರಸಂಗ’ ಬರೆದರು. ಜನ ಮಾದಪ್ಪ ಎಂದು ಕರೆಯುವ ಮಲೆ ಮಹದೇಶ್ವರನ ಕಾವ್ಯದಿಂದ ಅವರದೇ ‘ಮಾದಾರಿ ಮಾದಯ್ಯ’ ಬಂತು. ಊರ ಬಯಲಲ್ಲಿ ಭಕ್ತರು ಕೇಳುತ್ತಿದ್ದ ಕಥೆಯನ್ನು ನಗರದ ಪ್ರೇಕ್ಷಕರು ಟಿಕೆಟ್ ಕೊಂಡು ನೋಡಿದರು.

ಮಾದಪ್ಪನ ಕಾವ್ಯದಲ್ಲೂ ಸಂಪತ್ತಿನ ಸಾಲುಗಳಿವೆ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವ ಬೇವಿನಹಟ್ಟಿ ಕಾಳಮ್ಮನ ಸಾಲನ್ನೇ ತೆಗೆದುಕೊಳ್ಳಿ. ಮನೆ ತುಂಬ ಸಿರಿ ಇದ್ದ ಹೆಂಗಸು ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ಇಲ್ಲ ಎನ್ನುತ್ತಾಳೆ. ಇದ್ದದ್ದೆಲ್ಲ ಕೈಬಿಟ್ಟು ಹೋಗುತ್ತದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಶಿವರಾತ್ರಿಗೆ ಕಾವೇರಿ ದಾಟಿ ನಡೆದು ಬರುವ ಸಾವಿರಾರು ಜನರಲ್ಲಿ ಈ ಕಥೆ ಗೊತ್ತಿಲ್ಲದವರು ಕಡಿಮೆ. ಅವರಲ್ಲಿ ಅನೇಕರು ಬೆಂಗಳೂರಿನಿಂದಲೇ ನಡೆದು ಬಂದವರು.

ಆ ಬೆಂಗಳೂರಿನ ಮೇಲೇ ಕಾರ್ನಾಡರ ನಾಟಕ.

ಟೋಸ್ಟಿನ ಮೇಲೆ ಬೆಂದ ಕಾಳು

2012ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ‘ಬೆಂದ ಕಾಳು ಆನ್ ಟೋಸ್ಟ್’ ಪ್ರಕಟವಾದಾಗ ಗಿರೀಶ ಕಾರ್ನಾಡರಿಗೆ 74 ವರ್ಷ. ‘ಯಯಾತಿ’ಯಿಂದ ‘ಅಗ್ನಿ ಮತ್ತು ಮಳೆ’ವರೆಗೆ ಪುರಾಣ, ಇತಿಹಾಸ, ಜನಪದ ಕಥೆಗಳ ಮೂಲಕ ಇಂದಿನ ಮಾತಾಡಿದ್ದ ನಾಟಕಕಾರ ಹೊಸ ಶತಮಾನದಲ್ಲಿ ನೇರವಾಗಿ ಇಂದಿನ ಮನೆಗಳಿಗೇ ಬಂದಿದ್ದರು. ‘ಒಡಕಲು ಬಿಂಬ’ದಲ್ಲಿ ಟೆಲಿವಿಷನ್ ಸ್ಟುಡಿಯೋದ ಪರದೆಯೊಳಗಿನ ತನ್ನದೇ ಬಿಂಬ ಲೇಖಕಿಯನ್ನು ಪಾಟೀಸವಾಲಿಗೆ ಎಳೆಯುತ್ತದೆ. ‘ಮದುವೆ ಅಲ್ಬಮ್’ನಲ್ಲಿ ಧಾರವಾಡದ ಕುಟುಂಬವೊಂದು ಅಮೆರಿಕದ ವರನನ್ನು ಎದುರು ನೋಡುತ್ತದೆ. ಮೂರನೆಯದು ಈ ಬೆಂಗಳೂರಿನ ನಾಟಕ.

ಹೊಯ್ಸಳರ ಬಲ್ಲಾಳ ದೊರೆ ದಾರಿ ತಪ್ಪಿದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟು ಉಳಿಸಿದಳಂತೆ, ಊರು ಬೆಂದಕಾಳೂರಾಯಿತಂತೆ. ಬೇಗೂರಿನ 9ನೇ ಶತಮಾನದ ಶಾಸನದಲ್ಲೇ ಬೆಂಗಳೂರಿನ ಹೆಸರಿರುವುದರಿಂದ ಇತಿಹಾಸಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಕಾರ್ನಾಡರಿಗೆ ಬೇಕಾದದ್ದು ಆ ಮುದುಕಿ. ನಗರ ಹುಟ್ಟಿದ್ದೇ ಒಬ್ಬ ಬಡವಿ ದುಡ್ಡು ಕೇಳದೆ ಕೊಟ್ಟ ಊಟದಿಂದ ಎಂದು ಹೇಳುವ ಊರಿನಲ್ಲಿ ಈಗ ಯಾವುದೂ ಪುಕ್ಕಟೆ ಇಲ್ಲ.

ನಾಟಕದ ಕೇಂದ್ರದಲ್ಲಿ ಪಡುಬಿದ್ರಿ ಎಂಬ ಅನುಕೂಲಸ್ಥ ಕುಟುಂಬ. ಗೃಹಿಣಿ ಅಂಜನಾ, ಗಿಟಾರ್ ಹಿಡಿದ ಮಗ ಕುನಾಲ್, ಕುದುರೆ ಜೂಜಿನ ಹುಚ್ಚಿನ ಅತ್ತೆ ಅನಸೂಯಾ. ಮನೆಯೊಡೆಯ ವ್ಯವಹಾರದ ಹಿಂದೆ ದೂರ ಇದ್ದಾನೆ. ಆ ಮನೆಯ ಅಡುಗೆ, ಕಸ, ಮುಸುರೆ ನಡೆಯುವುದು ಹೊರಗಿಂದ ಬಂದು ನಗರ ಸೇರಿದವರ ಕೈಯಲ್ಲಿ. ಅಡುಗೆಯ ವಿಮಲಾ ಅವರಲ್ಲೊಬ್ಬಳು. ಅವಳು ಎಲ್ಲಿಯವಳು, ಯಾರವಳು ಎಂದು ಆ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಬಿದ್ದಿಲ್ಲ, ಅನುಮಾನ ಹುಟ್ಟುವವರೆಗೆ.

ರಂಗದ ಮೇಲೆ ದೊಡ್ಡ ಮಾಲ್ ಇಲ್ಲ, ಬ್ರ್ಯಾಂಡುಗಳ ಮೆರವಣಿಗೆ ಇಲ್ಲ. ಅಲ್ಲೇ ಕಾರ್ನಾಡರ ಜಾಣ್ಮೆ. ಕೊಳ್ಳುಬಾಕತನದ ಬಗ್ಗೆ ಬರೆಯುವ ಬಹಳ ನಾಟಕಕಾರರು ಮೊದಲು ಶಾಪಿಂಗ್ ಬ್ಯಾಗುಗಳನ್ನು ತರುತ್ತಾರೆ. ಪ್ರೇಕ್ಷಕ ನಕ್ಕು, ತಾನು ಹಾಗಲ್ಲ ಎಂದುಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಮಾರಾಟಕ್ಕಿರುವುದು ಕಣ್ಣಿಗೆ ಕಾಣದ ಸರಕು: ಇನ್ನೂ ಮೇಲೆ ಹೋಗಬಹುದು ಎಂಬ ಭರವಸೆ.

ಅದನ್ನು ಕೊಳ್ಳುವವನು ಪ್ರಭಾಕರ ತೇಲಂಗ. ನಗರಕ್ಕೆ ಬಂದು ಕೆಲಸ ಹಿಡಿದಿರುವ ಸಾಧಾರಣ ಮನುಷ್ಯ. ಡಾಲಿ ಅಯ್ಯರ್ ಎಂಬ ಸಿರಿವಂತ ವಲಯದ ಹೆಂಗಸು ಅವನಲ್ಲಿ ದೊಡ್ಡ ಕೆಲಸದ, ಪರದೇಶದ ಆಸೆ ಹುಟ್ಟಿಸುತ್ತಾಳೆ. ಅವನು ನಂಬುತ್ತಾನೆ. ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಆಮೇಲೆ ಗೊತ್ತಾಗುತ್ತದೆ, ಅವಳು ಹೇಳಿದ್ದೆಲ್ಲ ಅವಳ ಕಲ್ಪನೆ. ಅವಳಿಗೆ ಅದು ಒಂದು ಮಧ್ಯಾಹ್ನದ ಹೊತ್ತು ಕಳೆಯುವ ಮಾತು. ಅವನಿಗೆ ಹೆಂಡತಿ ಮಕ್ಕಳ ಅನ್ನ.

ಪ್ರಭಾಕರನನ್ನು ಪೆದ್ದ ಎಂದು ತಳ್ಳಿಹಾಕಲು ನಾಟಕ ಬಿಡುವುದಿಲ್ಲ. ಅವನ ಆಸೆಗೆ ಗೌರವವಿದೆ. ಸಣ್ಣ ಊರಿನಿಂದ ಬಂದವನಿಗೆ ನಗರ ಕಲಿಸಿದ್ದೇ ಈ ಪಾಠ, ಇರುವುದರಲ್ಲಿ ನಿಂತರೆ ಹಿಂದೆ ಬಿದ್ದಂತೆ. ಕಲಿತದ್ದನ್ನು ಅವನು ಪ್ರಾಮಾಣಿಕವಾಗಿ ಪಾಲಿಸಿದ್ದಾನೆ.

ಅಂಜನಾಗೆ ಮನೆಯ ಮುಂದಿನ ಮರ ಎಂದರೆ ಪ್ರಾಣ. ರಸ್ತೆ ಅಗಲ ಮಾಡಲು ಅದಕ್ಕೆ ಕೊಡಲಿ ಬೀಳುತ್ತದೆ. ರಂಗದ ಮೇಲೆ ಮರ ಬೀಳುವ ಸದ್ದು ಕೇಳಿದಾಗ ಚೆಕಾಫ್‌ನ ‘ಚೆರ್ರಿ ತೋಟ’ ನೆನಪಾಗದೆ ಇರದು. 1904ರ ಆ ರಷ್ಯನ್ ನಾಟಕದ ಕೊನೆಯಲ್ಲೂ ಕೊಡಲಿಯ ಸದ್ದೇ ಕೇಳುವುದು. ಅಲ್ಲಿ ಜೀತದವರ ಮಗ ವ್ಯಾಪಾರಿಯಾಗಿ ತೋಟವನ್ನು ಕೊಂಡಿದ್ದಾನೆ. ಆರ್ಥರ್ ಮಿಲ್ಲರ್‌ನ 1949ರ ‘ಡೆತ್ ಆಫ್ ಎ ಸೇಲ್ಸ್‌ಮನ್’ನಲ್ಲಿ ವಿಲ್ಲಿ ಲೋಮನ್ ಕಂತಿನಲ್ಲಿ ತಂದ ಫ್ರಿಜ್ಜು ಕಂತು ತೀರುವ ಮೊದಲೇ ಕೆಡುತ್ತದೆ, ಮನೆಯ ಕೊನೆಯ ಕಂತು ಕಟ್ಟುವ ಹೊತ್ತಿಗೆ ಅವನೇ ಇರುವುದಿಲ್ಲ. ಕಾರ್ನಾಡರ ನಾಟಕ ಆ ಸಾಲಿನದು. ಒಂದು ವ್ಯತ್ಯಾಸವಿದೆ: ಮಿಲ್ಲರ್ ಒಬ್ಬನ ದುರಂತ ಬರೆದರು, ಇಲ್ಲಿ ಯಾರೊಬ್ಬರೂ ನಾಯಕರಲ್ಲ. ಮಾಲಕಿ, ಅಡುಗೆಯವಳು, ಕೆಲಸ ಬಿಟ್ಟವನು, ಜೂಜಿನ ಅಜ್ಜಿ ಒಬ್ಬರ ಬದುಕಿಗೆ ಒಬ್ಬರು ತಾಗುತ್ತ, ಗೊತ್ತಿಲ್ಲದೆಯೇ ಒಬ್ಬರ ಸುಖಕ್ಕೆ ಇನ್ನೊಬ್ಬರು ದಂಡ ಕಟ್ಟುತ್ತ ಹೋಗುತ್ತಾರೆ.

> ನಾಟಕದ ಹಾದಿ
> ಗಿರೀಶ ಕಾರ್ನಾಡ (1938–2019): ‘ಯಯಾತಿ’ 1961, ‘ತುಘಲಕ್’ 1964, ‘ಹಯವದನ’ 1971. ಜ್ಞಾನಪೀಠ 1998ರಲ್ಲಿ. ‘ಬೆಂದ ಕಾಳು ಆನ್ ಟೋಸ್ಟ್’ ಕನ್ನಡದಲ್ಲಿ ಹುಟ್ಟಿ ಬೇರೆ ಭಾಷೆಗಳಿಗೆ ಹೋಯಿತು. ಪುಣೆಯ ‘ಆಸಕ್ತ’ ತಂಡಕ್ಕೆ ಮೋಹಿತ್ ಟಾಕಳಕರ್ ಮರಾಠಿಯಲ್ಲಿ ‘ಉಣೆ ಪುರೆ ಶಹರ್ ಏಕ್’ ಎಂಬ ಹೆಸರಿನಲ್ಲಿ ನಿರ್ದೇಶಿಸಿದರು. ಇಂಗ್ಲಿಷ್‌ನಲ್ಲಿ ಲಿಲೆಟ್ ದುಬೆ ರಂಗಕ್ಕೆ ತಂದರು.

ಬೆಳಕು ಹೋದ ದಾರಿ

ಕೊಳ್ಳೇಗಾಲದಿಂದ ಬೆಂಗಳೂರಿಗೆ ಮಳವಳ್ಳಿ, ಕನಕಪುರದ ಮೇಲೆ ಸುಮಾರು 140 ಕಿ.ಮೀ. ಹಳೆಯವರ ಬಾಯಲ್ಲಿ 209, ಈಗಿನ ಫಲಕಗಳಲ್ಲಿ 948 ಎಂದಿರುವ ರಾಷ್ಟ್ರೀಯ ಹೆದ್ದಾರಿ ಅದು. ಕೊಳ್ಳೇಗಾಲ ದಾಟಿದ ಮೇಲೆ ಯಳಂದೂರು, ಚಾಮರಾಜನಗರ ಹಾದು ತಮಿಳುನಾಡಿಗೆ ಇಳಿಯುತ್ತದೆ. ಹಬ್ಬದ ಹಿಂದಿನ ದಿನ ಈ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಗರದಲ್ಲಿ ಕಟ್ಟಡ ಕಟ್ಟುವವರು, ಮನೆಗೆಲಸದವರು, ಕಾವಲು ಕಾಯುವವರು, ಗಾರ್ಮೆಂಟ್ಸಿನವರು ಊರಿಗೆ ಬರುತ್ತಾರೆ. ಕೈಯಲ್ಲಿ ಸ್ವೀಟ್ ಬಾಕ್ಸು, ಮಕ್ಕಳ ಬಟ್ಟೆಯ ಚೀಲ, ತಂಗಿಗೆ ಕಂತಿನಲ್ಲಿ ತಂದ ಫೋನು.

ವಿಮಲಾ, ಪ್ರಭಾಕರ ಇಬ್ಬರೂ ಈ ಬಸ್ಸಿನವರು. ನಾಟಕದಲ್ಲಿ ಅವರ ಊರು ಬೇರೆ ಇರಬಹುದು, ಸೀಟು ಇದೇ.

ಜನ ಹೋಗುವ ಮುಂಚೆಯೇ ಈ ಸೀಮೆಯಿಂದ ನಗರಕ್ಕೆ ಹೋದದ್ದು ಬೆಳಕು. ಕಾವೇರಿ ಶಿವನಸಮುದ್ರದಲ್ಲಿ ಎರಡಾಗಿ ಸೀಳಿ ಧುಮುಕುತ್ತದೆ; ಗಗನಚುಕ್ಕಿ ಮಳವಳ್ಳಿಯ ಕಡೆ, ಭರಚುಕ್ಕಿ ಕೊಳ್ಳೇಗಾಲದ ಕಡೆ. ಇಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹೊತ್ತಿತು. ಆಗ ನದಿಯ ಆ ದಡ ಮೈಸೂರು ಸಂಸ್ಥಾನ, ಈ ದಡ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಜಲಪಾತದ ಸದ್ದು ಕೇಳುತ್ತಿದ್ದ ಹಳ್ಳಿಗಳಲ್ಲಿ ಬುಡ್ಡಿ ದೀಪ, ಸುಮಾರು ತೊಂಬತ್ತು ಮೈಲಿ ಆಚೆ ಗಣಿಯಲ್ಲಿ ವಿದ್ಯುತ್ತು.

ಆಮೇಲೆ ನೀರು. 1974ರಲ್ಲಿ ಕಾವೇರಿ ಮೊದಲ ಹಂತದ ಯೋಜನೆ ಮುಗಿದಾಗಿನಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರ್‌ನಷ್ಟು ಎತ್ತರಕ್ಕೆ ನೀರನ್ನು ತಳ್ಳಲಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು; ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಪಡುಬಿದ್ರಿ ಮನೆಯ ನಲ್ಲಿ ತಿರುಗಿಸಿದರೆ ಬರುವುದು ಈ ನೀರು.

ರೇಷ್ಮೆಯ ಕಥೆಯೂ ಇದೇ ದಿಕ್ಕಿನದು. ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಆ ಪ್ರಾಂತ್ಯದ ರೇಷ್ಮೆ ಕೃಷಿಗೆ ಕೊಳ್ಳೇಗಾಲ ತಾಲ್ಲೂಕೇ ಮುಖ್ಯ ನೆಲೆ. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹೊತ್ತುಹೊತ್ತಿಗೆ ಹಾಕಿ, ಗೂಡು ಬಿಡಿಸುವ ಹೆಂಗಸರ ಕೈ ಮದುವೆ ಸೀರೆಯ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಜಿನ ಕಪಾಟಿನಲ್ಲಿ ಬೆಲೆಯ ಚೀಟಿ ಮಾತ್ರ ಇರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಇದಕ್ಕಿಂತ ಕಟುವಾದ ಲೆಕ್ಕ ಸಿಗುತ್ತದೆ. ಕಾಡಿನ ಜೇನು, ನೆಲ್ಲಿ ನಗರದ ಅಂಗಡಿಗಳಿಗೆ ಹೋಗುತ್ತಿದ್ದವು. 2006ರಲ್ಲಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಅವನ್ನು ಸಂಗ್ರಹಿಸುವುದಕ್ಕೆ ತಡೆ ಬಿತ್ತು. ಹೋರಾಟದ ಬಳಿಕ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರಗಳು ಕೈಗೆ ಬಂದವು. ಗೊರುಕನ ಹಾಡಿಗೆ ಸುತ್ತುಗಟ್ಟಿ ಕುಣಿಯುವ ಈ ಜನ ಕಾಡನ್ನು ಸರಕು ಎಂದು ಕರೆಯುವ ಭಾಷೆಯನ್ನು ಕಚೇರಿಗಳಿಂದ ಕಲಿಯಬೇಕಾಯಿತು.

ಕಾರ್ನಾಡರ ನಾಟಕದಲ್ಲಿ ಬೆಲೆ ತೆರುವವರು ಮನೆಯೊಳಗೇ ಇದ್ದಾರೆ, ಅಡುಗೆಕೋಣೆಯಲ್ಲಿ. ಕೊಳ್ಳೇಗಾಲದಿಂದ ನೋಡಿದರೆ ಆ ಅಡುಗೆಕೋಣೆ 140 ಕಿ.ಮೀ. ಉದ್ದವಾಗುತ್ತದೆ.

ಹಳ್ಳಿ ರಂಗದ ಸಂತೆ

ಇಂಥ ನಾಟಕ ಈ ಕಡೆಯವರಿಗೆ ಹಿಡಿಸೀತೇ ಎಂಬ ಅನುಮಾನ ಇದ್ದರೆ ಈ ಕಡೆಯ ರಂಗ ಪರಂಪರೆಯನ್ನು ಒಮ್ಮೆ ನೋಡಬೇಕು.

‘ಸಂಸ’ ಎಂಬ ಹೆಸರಿನಿಂದ ಬರೆದ ಸ್ವಾಮಿ ವೆಂಕಟಾದ್ರಿ ಅಯ್ಯರ್ 1898ರಲ್ಲಿ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ. ಮೈಸೂರು ಅರಸರ ಇತಿಹಾಸವನ್ನು ಹಳಗನ್ನಡದ ಬಿಗಿಯಲ್ಲಿ ನಾಟಕವಾಗಿಸಿದ ಈ ಪ್ರತಿಭಾವಂತ 1939ರಲ್ಲಿ ತಾನೇ ಪ್ರಾಣ ಕಳೆದುಕೊಂಡರು. ಬರೆದ ನಾಟಕಗಳಲ್ಲಿ ಉಳಿದದ್ದು ಕೆಲವೇ. ‘ವಿಗಡ ವಿಕ್ರಮರಾಯ’, ‘ಸುಗುಣ ಗಂಭೀರ’, ‘ಬೆಟ್ಟದ ಅರಸು’ ಅವುಗಳಲ್ಲಿ ಸೇರಿವೆ. ಬದುಕಿದ್ದಾಗ ಮಾರುಕಟ್ಟೆಗೆ ಬೇಡವಾಗಿದ್ದ ಲೇಖಕನ ಹೆಸರಿನಲ್ಲಿ ಇಂದು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದೆ ಬಯಲು ರಂಗಮಂದಿರವಿದೆ.

ಕೊಳ್ಳೇಗಾಲದ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯ ವೃತ್ತಿ ರಂಗಭೂಮಿಯ ಹೆಸರಾಂತ ನಟ. ಅವರ ಮಗ ಮುತ್ತುರಾಜ್ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರ್ ಆದರು. ಗುಬ್ಬಿ ಕಂಪನಿ ತನ್ನ ಕಾಲದ ದೊಡ್ಡ ವ್ಯಾಪಾರವೂ ಹೌದು. 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಕಣ್ಣಿನ ಆಸೆಯನ್ನು ಕಂಪನಿಗಳು ಚೆನ್ನಾಗಿ ಅರಿತಿದ್ದವು.

ಇಂದಿಗೂ ಸುಗ್ಗಿ ಮುಗಿದು ಹಬ್ಬ ಬಂದರೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಸೀನರಿ, ಕಿರೀಟ, ಲೈಟು ಬಾಡಿಗೆಗೆ ಬರುತ್ತವೆ. ಪಾರ್ಟು ಹಾಕುವವರೇ ಹಣ ಹಾಕುತ್ತಾರೆ. ಕೃಷ್ಣನ ಪಾರ್ಟಿಗೆ, ದುರ್ಯೋಧನನ ಪಾರ್ಟಿಗೆ ಸೈನಿಕನಿಗಿಂತ ಹೆಚ್ಚು. ದೃಶ್ಯದ ನಡುವೆ ನೆಂಟರು ರಂಗಕ್ಕೆ ಹತ್ತಿ ಹಾರ ಹಾಕಿ, ಎದೆಗೆ ನೋಟು ಚುಚ್ಚುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ಹೊರಗಿನವರಿಗೆ ಇದು ಆಡಂಬರ ಎನಿಸಬಹುದು. ವರ್ಷವಿಡೀ ಹೊಲದಲ್ಲಿ, ಕೂಲಿಯಲ್ಲಿ ಯಾರ ಕಣ್ಣಿಗೂ ಬೀಳದವನು ಒಂದು ರಾತ್ರಿ ರಾಜನಾಗಲು ತನ್ನ ಉಳಿತಾಯ ಹಾಕುತ್ತಾನೆ. ಅವನು ಕೊಂಡದ್ದರಲ್ಲಿ ಬೆಲೆಗೆ ತಕ್ಕ ಸತ್ವವಿದೆ.

ಈ ಹಳ್ಳಿ ರಂಗಕ್ಕೆ ಬಲು ಪ್ರಿಯವಾದ ‘ಸತ್ಯ ಹರಿಶ್ಚಂದ್ರ’ದ ಎದೆಯಲ್ಲಿರುವುದೇ ಒಂದು ಸಂತೆ. ಕಾಶಿಯ ಬೀದಿಯಲ್ಲಿ ರಾಜ ಹೆಂಡತಿ ಮಗನನ್ನು ಮಾರುತ್ತಾನೆ, ಕೊನೆಗೆ ತನ್ನನ್ನೇ ಸುಡುಗಾಡಿನ ವೀರಬಾಹುಕನಿಗೆ ಮಾರಿಕೊಳ್ಳುತ್ತಾನೆ. ಮಗನ ಹೆಣ ಸುಡಲು ಬಂದ ಹೆಂಡತಿಯ ಬಳಿಯೂ ಅವನು ಸುಂಕ ಕೇಳಬೇಕು. ಆ ದೃಶ್ಯದಲ್ಲಿ ಮುಂದಿನ ಸಾಲಿನ ಅಜ್ಜಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮನುಷ್ಯನಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಈ ಪ್ರೇಕ್ಷಕರಿಗೆ ಯಾರೂ ಹೊಸದಾಗಿ ವಿವರಿಸಬೇಕಿಲ್ಲ.

> ಕಲ್ಲಿನ ಬಳೆ
> ಯಳಂದೂರಿನ ಗೌರೀಶ್ವರ ದೇವಾಲಯದ ಪ್ರವೇಶ ಮಂಟಪಕ್ಕೆ ಬಳೆಮಂಟಪ ಎಂದೇ ಹೆಸರು. ಕಲ್ಲಿನಲ್ಲೇ ಕೊರೆದ ಬಳೆಗಳ ಸರಪಣಿ ಅಲ್ಲಿನ ಆಕರ್ಷಣೆ. ಇದೇ ಊರು ಚಿಕ್ಕದೇವರಾಜ ಒಡೆಯರ ಆಸ್ಥಾನದ ಕವಯಿತ್ರಿ ಸಂಚಿ ಹೊನ್ನಮ್ಮನ ತವರು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದೂ ಯಳಂದೂರೇ.

ನಾಟಕದವರು ನೂಲಿಗೆ ಬಂದಾಗ

ಕೊಳ್ಳುವ ಸಂಸ್ಕೃತಿಯನ್ನು ರಂಗದ ಮೇಲೆ ತೋರಿಸಿದರೆ ಸಾಲದು ಎಂದು ರಂಗದಿಂದ ಕೆಳಗಿಳಿದವರು ಪ್ರಸನ್ನ. 1975ರಲ್ಲಿ ‘ಸಮುದಾಯ’ ತಂಡ ಕಟ್ಟಿದ ಈ ನಿರ್ದೇಶಕ ಹೆಗ್ಗೋಡಿನ ಬಳಿ ‘ಚರಕ’ ಎಂಬ ಮಹಿಳೆಯರ ಸಹಕಾರಿ ಕೈಮಗ್ಗ ಸಂಸ್ಥೆ ಬೆಳೆಸಿದರು. ‘ದೇಸಿ’ ಅಂಗಡಿಗಳ ಮೂಲಕ ಆ ಬಟ್ಟೆ ನಗರ ಸೇರಿತು.

2015ರಲ್ಲಿ ಅವರು ಆರಿಸಿಕೊಂಡ ಜಾಗ ಯಳಂದೂರಿಗೆ ದೂರದ್ದೇನಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು. ಗಾಂಧೀಜಿ ಬಂದುಹೋಗಿದ್ದ ಅಲ್ಲಿನ ಖಾದಿ ಕೇಂದ್ರ ಪಾಳು ಬಿದ್ದಿತ್ತು. ಅಲ್ಲಿ ಕೂತು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದರು. ಏಪ್ರಿಲ್‌ನಲ್ಲಿ ದೇಶದ ನಾನಾ ಕಡೆಯ ಜನ ಅಲ್ಲಿ ಸೇರಿದರು. 2017ರಲ್ಲಿ ಕೈಉತ್ಪನ್ನಗಳಿಗೆ ತೆರಿಗೆ ಬೇಡ ಎಂದು ಪ್ರಸನ್ನ ಉಪವಾಸ ಕೂತರು.

ಇದು ನಾಟಕ ಬಿಟ್ಟು ಬೇರೆ ಕೆಲಸಕ್ಕೆ ಹೋದದ್ದಲ್ಲ. ಪ್ರೇಕ್ಷಕ ರಂಗಮಂದಿರದಲ್ಲಿ ಎರಡು ಗಂಟೆ ನೊಂದು, ಹೊರಬಂದು ಅದೇ ಅಂಗಡಿಗೆ ಹೋಗುತ್ತಾನೆ ಎಂಬುದು ರಂಗಕರ್ಮಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಕಟ. ಪ್ರಸನ್ನ ಅದಕ್ಕೆ ಮಗ್ಗದಲ್ಲಿ ಉತ್ತರ ಹುಡುಕಿದರು. ಹನೂರಿನ ಮಹದೇಶ್ವರ ಬೆಟ್ಟದ ಕಡೆ ಲಂಟಾನ ಕಳೆಯಿಂದ ಕುರ್ಚಿ, ಬುಟ್ಟಿ ಹೆಣೆಯಲು ಕಲಿತ ಸೋಲಿಗ ಕುಶಲಕರ್ಮಿಗಳದ್ದೂ ಇದೇ ದಾರಿ. ಕಾಡಿನ ಗಿಡಗಳನ್ನು ನುಂಗುತ್ತಿರುವ ಪೊದೆ ಅವರ ಕೈಯಲ್ಲಿ ಅನ್ನವಾಯಿತು. ಸರಕು ಮಾಡಿದವರ ಮುಖ ಕೊಳ್ಳುವವನಿಗೆ ಕಾಣುವಷ್ಟು ಹತ್ತಿರವಿರಬೇಕು ಎಂಬುದು ಈ ಕೆಲಸಗಳ ತಿರುಳು. ಒಳ್ಳೆಯ ನಾಟಕ ಮಾಡುವುದೂ ಅದನ್ನೇ.

ಉಳಿತಾಯ ಮಾಡಿ, ಸರಳವಾಗಿರಿ ಎಂಬ ಉಪದೇಶದ ನಾಟಕಗಳು ಶಾಲಾ ವಾರ್ಷಿಕೋತ್ಸವಗಳಲ್ಲಿ ಬೇಕಾದಷ್ಟಿವೆ. ಅವು ಬಡವನ ಫೋನನ್ನು ದುಂದು ಎನ್ನುತ್ತವೆ, ಸಿರಿವಂತನ ಕಾರನ್ನು ಪ್ರಗತಿ ಎನ್ನುತ್ತವೆ. ಕೂಲಿ ಮಾಡುವ ಹುಡುಗಿ ಕಂತಿನಲ್ಲಿ ಫೋನು ಕೊಂಡರೆ ಅದರಲ್ಲಿ ಊರಿನ ಅವ್ವನ ಮುಖ ಕಾಣುವ ಆಸೆಯೂ ಇದೆ, ನಗರದ ಎದುರು ತಲೆ ಎತ್ತಿ ನಿಲ್ಲುವ ಹಟವೂ ಇದೆ. ಆ ಆಸೆಯನ್ನು ಬಯ್ಯದೆ, ಅದನ್ನು ಲಾಭ ಮಾಡಿಕೊಂಡವರು ಯಾರು, ದಂಡ ಕಟ್ಟಿದವರು ಯಾರು ಎಂದು ಕೇಳುವ ನಾಟಕ ಬೇಕು. ನೀಲಗಾರರು ಕೇಳಿದ್ದಾರೆ. ಕಾರ್ನಾಡರು ಕೇಳಿದ್ದಾರೆ.

ಕೊಳ್ಳೇಗಾಲಕ್ಕೆ ಬರಲಿ

ಪುಣೆಯ ತಂಡ ಈ ನಾಟಕವನ್ನು ತನ್ನ ಭಾಷೆಗೆ ಒಗ್ಗಿಸಿಕೊಂಡಿತು. ಕೊಳ್ಳೇಗಾಲ ಸೀಮೆಗೆ ಅಷ್ಟು ಕಷ್ಟವೂ ಇಲ್ಲ, ನಾಟಕ ಇರುವುದೇ ಕನ್ನಡದಲ್ಲಿ. ಬೇಕಾದದ್ದು ಕಿವಿ. ವಿಮಲಾ ಚಾಮರಾಜನಗರದ ಕನ್ನಡದಲ್ಲಿ ಮಾತಾಡಲಿ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮೈಸೂರಿನ ರಂಗಾಯಣ ರಂಗಕ್ಕೆ ತಂದಾಗ ಈ ಕಡೆಯ ನುಡಿ ಇಡೀ ಕರ್ನಾಟಕದ ಕಿವಿಗೆ ಬಿತ್ತು; ಆ ನುಡಿಗೆ ಎಂಥ ಭಾರವನ್ನಾದರೂ ಹೊರುವ ಶಕ್ತಿಯಿದೆ ಎಂದು ಸಾಬೀತಾಯಿತು. ಅಂಜನಾಳ ಮನೆಯ ಇಂಗ್ಲಿಷ್ ಬೆರೆತ ಕನ್ನಡದ ಎದುರು ಈ ನುಡಿ ನಿಂತರೆ ಇಬ್ಬರ ನಡುವಿನ ದೂರವನ್ನು ಬೇರೆ ವಿವರಿಸಬೇಕಿಲ್ಲ.

ಖರ್ಚು ಹೆಚ್ಚಿಲ್ಲ. ಈ ನಾಟಕಕ್ಕೆ ಕಿರೀಟ ಬೇಡ, ರಥ ಬೇಡ, ಅರಮನೆಯ ಸೀನರಿ ಬೇಡ. ಮೇಜು, ನಾಲ್ಕು ಕುರ್ಚಿ, ಅಡುಗೆಕಟ್ಟೆ, ಒಂದು ಮರದ ನೆರಳು ಸಾಕು. ಮಾಮೂಲಿನ ಸಾಮಾಜಿಕ ನಾಟಕಕ್ಕಿಂತ ಪಾತ್ರಗಳು ಹೆಚ್ಚು, ಆದರೆ ಪಾರ್ಟಿಗೆ ಹಣ ಹಾಕಿ ಇಪ್ಪತ್ತು ಜನ ಕಲೆಯುವ ಊರುಗಳಿಗೆ ಅದು ಅನುಕೂಲವೇ. ಪ್ರಭಾಕರನ ಪಾರ್ಟಿಗೆ ನಗರದಲ್ಲಿ ಕೆಲಸ ಮಾಡಿ ಬಂದ ಹುಡುಗರು ತಾಲೀಮಿಗೂ ಮೊದಲೇ ತಯಾರಿರುತ್ತಾರೆ.

ಇನ್ನು ವಿಮಲಾ. ಹಳ್ಳಿ ನಾಟಕಗಳ ಸ್ತ್ರೀ ಪಾತ್ರಕ್ಕೆ ಹೊರಗಿನ ಕಲಾವಿದೆಯರನ್ನು ಕರೆಸುವುದು ಈ ಕಡೆಯ ವಾಡಿಕೆ. ಇವತ್ತು ಈ ಊರಲ್ಲಿ ದ್ರೌಪದಿ, ನಾಳೆ ಇನ್ನೊಂದೂರಲ್ಲಿ ಚಂದ್ರಮತಿ. ಬೆಳಗಿನ ಜಾವ ಬಣ್ಣ ಒರೆಸಿ, ಗೊತ್ತಾದ ಹಣ ಎಣಿಸಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಮೊದಲ ಬಸ್ಸಿಗೆ ಕಾಯುತ್ತಾರೆ. ದುಡಿಮೆಯನ್ನು ಗಂಟೆಯ ಲೆಕ್ಕದಲ್ಲಿ ಮಾರುವುದು, ಬೇರೆಯವರ ಊರಿನಲ್ಲಿ ಅನುಮಾನದ ಕಣ್ಣುಗಳ ನಡುವೆ ನಡೆಯುವುದು ಅವರಿಗೆ ದಿನದ ಬದುಕು. ಚಂದ್ರಮತಿಯನ್ನು ಕಾಶಿಯ ಸಂತೆಯಲ್ಲಿ ನಿಲ್ಲಿಸಿ ಅಜ್ಜಿಯರನ್ನು ಅಳಿಸಿದ ಕಲಾವಿದೆಗೇ ಆ ಪಾರ್ಟು ಕೊಡಬೇಕು. ಹಣ ಮಾತ್ರ ತಾಲೀಮಿನ ದಿನಗಳಿಗೂ ಸೇರಿಸಿ ಮುಂಚೆಯೇ ಗೊತ್ತುಮಾಡಿ ಕೊಡಬೇಕು.